ಇಸ್ತ್ರಿ ಬಟ್ಟೆಯ ಕೆಳಗಿನ ಗಿಟಾರು

ಮದ್ರಾಸಿನ ಬಾಡಿಗೆ ಮನೆಗೆ ಬಂದ ಮೊದಲ ಮಧ್ಯಾಹ್ನ ಮುಖ ತೊಳೆಯೋಣವೆಂದು ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ಬಚ್ಚಲಲ್ಲಿ ಬಾಯ್ಲರೂ ಇರಲಿಲ್ಲ, ಒಲೆಯೂ ಇರಲಿಲ್ಲ, ಇದ್ದದ್ದು ಅದೊಂದೇ ನಲ್ಲಿ. ಯಾರೋ ಎಲ್ಲೋ ನೀರು ಕಾಯಲಿಟ್ಟು ಮರೆತಿದ್ದಾರೆ ಎಂದುಕೊಂಡು ಮನೆಯ ಮಾಲೀಕರನ್ನು ಕೂಗಿ ಕರೆದೆ. ಅವರು ಬಂದು, ನನ್ನನ್ನೊಮ್ಮೆ ನಲ್ಲಿಯನ್ನೊಮ್ಮೆ ನೋಡಿ, ಬೆರಳನ್ನು ಮೇಲಕ್ಕೆ ತೋರಿಸಿದರು. ಮೇಲೆ ತಾರಸಿ, ತಾರಸಿಯ ಮೇಲೆ ಕರಿ ಟ್ಯಾಂಕು, ಅದರ ಮೇಲೆ ಮೇ ತಿಂಗಳ ಬಿಸಿಲು. ತಣ್ಣೀರು ಬೇಕಾದವರು ಬೆಳಗಾಗುವ ಮುಂಚೆಯೇ ಬಕೆಟ್ಟಿನಲ್ಲಿ ಹಿಡಿದಿಟ್ಟುಕೊಳ್ಳಬೇಕಂತೆ. ಮೈಸೂರಿನಲ್ಲಿ ನಾವು ಬಿಸಿನೀರಿಗಾಗಿ ಬೇಗ ಏಳುತ್ತಿದ್ದೆವು. ಇಲ್ಲಿ ತಣ್ಣೀರಿಗಾಗಿ ಏಳಬೇಕು.

ನೀವು ಅಲ್ಲಿ ನೆರಳಲ್ಲಿ ಕೂತು ಇದನ್ನು ಓದುತ್ತಾ ನಗುತ್ತಿದ್ದೀರಿ ಎಂದು ನನಗೆ ಗೊತ್ತು. ನಗಿ. ನನ್ನ ಗಂಡ ಶ್ರೀಕಂಠನೂ ಅವತ್ತು ನಕ್ಕ. "ಲೇ ವಿಜಿ, ನೀನೇ ತಾನೆ ಕುಣ್ಕೊಂಡ್ ಬಂದಿದ್ದು? ಈಗ ಅನುಭವಿಸು," ಎಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ತೊಂಬತ್ತರ ದಶಕದ ಕೊನೆಯ ಮಾತಿದು. ನಾನು ಮೈಸೂರಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತೆ. ಮೈಸೂರಿನ ರೈಲುಗಳಿಗೆಲ್ಲ ಆಗ ಮದ್ರಾಸೇ ಯಜಮಾನ. ಬಡ್ತಿ ಬಂತು, ಜತೆಗೆ ಎಗ್ಮೋರಿನ ಕಚೇರಿಗೆ ವರ್ಗವೂ ಬಂತು. ಬಡ್ತಿ ಬೇಡ ಎಂದು ಬರೆದುಕೊಟ್ಟು ಊರಲ್ಲೇ ಉಳಿದವರು ನಮ್ಮಲ್ಲಿ ಎಷ್ಟೋ ಜನ. ನಾನು ಬೇಡ ಎನ್ನಲಿಲ್ಲ. ಸಂಬಳದ ಆಸೆಗೆ ಹೊರಟಳು ಎಂದು ಎಲ್ಲರೂ ಭಾವಿಸಿದರು. ನಿಜ ಸಂಗತಿಯನ್ನು ಶ್ರೀಕಂಠ ಮನೆ ಮಾಲೀಕರ ಮುಂದೆಯೇ ಹಲ್ಲು ಕಿರಿದು ಹೇಳಿಬಿಟ್ಟ: "ನನ್ ಹೆಂಡ್ತಿ ಈ ಊರಲ್ಲಿ ಒಬ್ಬ ಗಂಡಸನ್ನ ಹುಡುಕ್ಕೊಂಡ್ ಬಂದಿದಾಳೆ ಸಾರ್."

ಆ ಗಂಡಸಿನ ಹೆಸರು ಆರೋಗ್ಯಂ. ಸ್ಟೀಲ್ ಗಿಟಾರ್ ನುಡಿಸುವವರು. ಕನ್ನಡ ಚಿತ್ರಗಳ ಹಾಡುಗಳೆಲ್ಲ ಮದ್ರಾಸಿನಲ್ಲೇ ಧ್ವನಿಮುದ್ರಣವಾಗುತ್ತಿದ್ದ ಕಾಲದಲ್ಲಿ ಒಂದು ಹಾಡು ಬಂದಿತ್ತು. ಹಾಡಿನ ಹೆಸರು ಬೇಡ, ಮೊದಲ ಸಾಲು ಬರೆದರೆ ನೀವು ಗುನುಗುತ್ತಾ ಕೂತು ನನ್ನ ಕಥೆ ಬಿಟ್ಟುಬಿಡುತ್ತೀರಿ. ಅದರ ಎರಡನೆಯ ಚರಣ ಮುಗಿದ ಮೇಲೆ ಗಿಟಾರೊಂದು ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಹೋಗುತ್ತದೆ. ಮೇಲಿನ ಮೆಟ್ಟಿಲಿಗೆ ಕಾಲಿಟ್ಟಿತು ಎನ್ನುವಾಗ ಸರ್ರನೆ ಜಾರಿ, ಅರೆಗಳಿಗೆ ಎಲ್ಲೂ ನಿಲ್ಲದೆ, ಆಮೇಲೆ ಕಟಕಟೆ ಹಿಡಿದುಕೊಂಡವರ ಹಾಗೆ ಮೆಲ್ಲಗೆ ಮೇಲೆದ್ದು ಸ್ವರದ ಮೇಲೆ ನಿಲ್ಲುತ್ತದೆ. ಆ ಜಾರು ಬಂದಾಗ ನಮ್ಮ ಬೀದಿಯಲ್ಲಿ ಮಾತಾಡುತ್ತಿದ್ದವರು ಮಾತು ನಿಲ್ಲಿಸುತ್ತಿದ್ದರು. ನಾನು ಹದಿನಾರನೇ ವಯಸ್ಸಿಗೆ ಹವಾಯಿಯನ್ ಗಿಟಾರು ಕಲಿಯಲು ಸೇರಿದ್ದು ಅದೊಂದಕ್ಕಾಗಿ. ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುವ ವಾದ್ಯ ಅದು. ಆದರೆ ನಾನು ಎಷ್ಟು ಜಾರಿಸಿದರೂ ಆ ಜಾರು ಬರಲಿಲ್ಲ. ನನ್ನ ಗುರುಗಳು ಕೊನೆಗೆ, "ಅದು ಮದ್ರಾಸಿನ ಆರೋಗ್ಯಂ ಕೈ ಕಣಮ್ಮ. ಅವರ ವಾದ್ಯಕ್ಕೆ ಕಾಲಲ್ಲಿ ಒತ್ತೋ ಪೆಡಲುಗಳಿವೆಯಂತೆ. ನಮ್ಮಲ್ಲಿ ಅದೆಲ್ಲ ಬರಲ್ಲ," ಎಂದು ಕೈ ಚೆಲ್ಲಿದರು.

ಬರಲ್ಲ ಎಂದ ಮೇಲೆ ಬಿಡುವವಳು ನಾನಲ್ಲ. ಇಪ್ಪತ್ತು ವರ್ಷ ತಿಕ್ಕಿದೆ. ಆರ್ಕೆಸ್ಟ್ರಾಗಳಲ್ಲಿ ನುಡಿಸಿದೆ, ಚಪ್ಪಾಳೆ ತೆಗೆದುಕೊಂಡೆ. ಆದರೆ ನನ್ನ ಜಾರು ಅದೇ ಹೌದೋ ಅಲ್ಲವೋ ಹೇಳಬೇಕಾದವರು ಒಬ್ಬರೇ. ಆರೋಗ್ಯಂ ಮಾಸ್ಟರ್ ಒಂದು ಸಲ ನನ್ನ ಕೈ ನೋಡಿ "ಹೌದು" ಎನ್ನಬೇಕು, ನನಗೆ ಬೇಕಾಗಿದ್ದುದು ಅಷ್ಟೇ. ಅದಕ್ಕಾಗಿ ಗಂಡನ ಕಾಲೇಜು ಕೆಲಸ ಬಿಡಿಸಿ, ಮಗಳ ಶಾಲೆ ಬಿಡಿಸಿ ಇಲ್ಲಿಗೆ ಬಂದೆ.

ಮನೆ ಹುಡುಕುವಾಗಲೇ ಗಿಟಾರು ಕಾಟ ಕೊಟ್ಟಿತು. ತ್ರಿಪ್ಲಿಕೇನಿನ ಗಲ್ಲಿಗಳಲ್ಲಿ ಮನೆ ಕೊಡುವವರು ಕೇಳುವ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಕುಡಂ ನೀರು ಬೇಕು ಎಂಬುದು. ಕುಡಂ ಎಂದರೆ ಕೊಡ. ಎರಡನೆಯ ಪ್ರಶ್ನೆ, ಆ ಪೆಟ್ಟಿಗೆಯಲ್ಲಿ ಏನಿದೆ ಎಂಬುದು. ಗಿಟಾರ್ ಎಂದ ಕೂಡಲೇ ನಮ್ಮನ್ನು ಸಿನಿಮಾದವರು ಎಂದುಕೊಂಡು ಬಾಗಿಲು ಮುಂದಕ್ಕೆ ಮಾಡುತ್ತಿದ್ದರು. ಕೊನೆಗೆ ಶ್ರೀಕಂಠ ಅದನ್ನು "ವೀಣೈ" ಎಂದು ಹೇಳಿ ಮನೆ ಹಿಡಿದ. ಮಲಗಿಸಿ ನುಡಿಸುವ ವಾದ್ಯವಾದ್ದರಿಂದ ಮಾಲೀಕರ ಹೆಂಡತಿ ಕಿಟಕಿಯಲ್ಲಿ ಇಣುಕಿ ನೋಡಿಯೂ ನಂಬಿದರು. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ದಿನ ನನ್ನನ್ನು ಕರೆದು ಕೃತಿ ನುಡಿಸು ಎಂದು ಕೂರಿಸಿಯೇಬಿಟ್ಟರು. ಹೇಗೋ ನುಡಿಸಿದೆ. ಮೈಸೂರಿನ ವೀಣೆ ಸ್ವಲ್ಪ ಬೇರೆಯ ಥರ ಎಂದು ಆಕೆ ತಮ್ಮ ನಾದಿನಿಗೆ ವಿವರಿಸುತ್ತಿದ್ದರು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ನಾನಂತೂ ಮೂರನೆಯ ದಿನವೇ ನೀರಿಗೆ ಬಂದೆ. ಲಾರಿ ಬರುತ್ತದೆ, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು ಎದ್ದು ಓಡುತ್ತದೆ. ನಾನು ತಮಿಳಿನಲ್ಲಿ ಆಡಿದ ಮೊದಲ ಪೂರ್ತಿ ವಾಕ್ಯ "ಇದು ಎನ್ ಕುಡಂ!" ಇದು ನನ್ನ ಕೊಡ. ಹೇಳಿದ ರಭಸಕ್ಕೆ ಎದುರಿನವಳು ಕೈ ತೆಗೆದಳು. ಆ ಒಂದು ವಾರ ಮನೆಯಲ್ಲಿ ನನ್ನ ನಡಿಗೆಯೇ ಬೇರೆಯಾಗಿತ್ತಂತೆ. ಶ್ರೀಕಂಠನಿಗೋ ಇಂಥ ಯಾವ ಕಷ್ಟವೂ ಇಲ್ಲ. ಟ್ಯುಟೋರಿಯಲ್ ಒಂದರಲ್ಲಿ ಲೆಕ್ಕ ಹೇಳಲು ಸೇರಿದ, ಮೂರು ತಿಂಗಳಿಗೆ ತಪ್ಪುತಪ್ಪು ತಮಿಳಿನಲ್ಲಿ ಜೋಕು ಹೇಳತೊಡಗಿದ, ಮೆಸ್ಸಿನ ವತ್ತಕುಳಂಬಿಗೆ ಮನಸೋತು, "ನಿನ್ ಸಾರು ಯಾಕೋ ಸಪ್ಪೆ" ಎಂದೂ ಅಂದ. ವತ್ತಕುಳಂಬು ಎಂದರೆ ಒಣಗಿಸಿದ ಕಾಯಿ ಹಾಕಿದ ಮಂದ ಹುಳಿ. ಚೆನ್ನಾಗಿಯೇ ಇರುತ್ತದೆ, ಅವನ ಮುಂದೆ ನಾನು ಒಪ್ಪಿಲ್ಲ. ಮಗಳು ಮಾನಸಾ ಶಾಲೆಗೆ ಸೇರಿ ಆರು ತಿಂಗಳಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ "ತೆರಿಯಾದು" ಎನ್ನಲು ಕಲಿತಳು. ಗೊತ್ತಿಲ್ಲ ಎಂದರ್ಥ. ಮನೆಯಲ್ಲಿ ಒಗ್ಗದೆ ಉಳಿದವಳು ನಾನೊಬ್ಬಳೇ, ನನ್ನ ಜತೆಗೆ ನನ್ನ ಗಿಟಾರು. ಮೈಸೂರಿನಲ್ಲಿ ವರ್ಷಗಟ್ಟಲೆ ಬಾಳುತ್ತಿದ್ದ ತಂತಿಗಳು ಇಲ್ಲಿಯ ಉಪ್ಪುಗಾಳಿಗೆ ತಿಂಗಳೊಳಗೆ ತುಕ್ಕು ಹಿಡಿದು ಕೆಂಪಾಗುತ್ತಿದ್ದವು. ಉಕ್ಕಿನ ತುಂಡು ಬೆವರಿಗೆ ಬೆರಳಿಂದ ಜಾರುತ್ತಿತ್ತು. ಎಷ್ಟೋ ಸಂಜೆ ನುಡಿಸಲು ಕೂತು, ತಂತಿ ಒರೆಸಿ, ಅತ್ತು ಎದ್ದಿದ್ದೇನೆ.

ಮಾಸ್ಟರನ್ನು ಹುಡುಕಿದ ಕಥೆ ಕೇಳಿದರೆ ನಿಮಗೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಭಾನುವಾರ ಬಂತೆಂದರೆ ಕೋಡಂಬಾಕ್ಕಂ. ಸ್ಟುಡಿಯೋಗಳ ಗೇಟಿನಲ್ಲಿ ಕಾವಲಿನವರು ನನ್ನನ್ನು ಪಾತ್ರ ಕೇಳಲು ಬಂದ ತಾಯಿ ಪಾತ್ರಧಾರಿ ಎಂದುಕೊಂಡರು. ವಾದ್ಯಗಾರರೊಬ್ಬರು, "ಯಾವ ಆರೋಗ್ಯಂ? ಪಿಟೀಲಾ, ತಬಲಾನಾ?" ಎಂದರು. ಸ್ಟೀಲ್ ಗಿಟಾರ್ ಎಂದೆ. ಅದೆಲ್ಲ ಈಗ ಕೀಬೋರ್ಡಿನ ಒಳಗೇ ಬರುತ್ತದೆ ಮೇಡಂ ಎಂದು ಗುಂಡಿಯೊಂದನ್ನು ಒತ್ತಿ ತೋರಿಸಿದರು. ಅದರಿಂದ ಬಂದ ಸದ್ದು ನೆಗಡಿಯಾದ ಬೆಕ್ಕಿನದು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಹಾಡಿದವರ ಹೆಸರಿದೆ, ಬರೆದವರ ಹೆಸರಿದೆ, ನುಡಿಸಿದವರ ಹೆಸರು ಯಾರಿಗೂ ಬೇಡ. ಹೀಗೆ ವರ್ಷ ಕಳೆಯಿತು. ಒಂದು ದಿನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಪಕ್ಕದ ಮೇಜಿನ ಮಲ್ಲಿಗಾಳ ಮುಂದೆ ಗೋಳಾಡುತ್ತಿದ್ದೆ. ಅವಳು ತುತ್ತು ನುಂಗಿ ಕೇಳಿದಳು:

"ಕಾಲಲ್ಲಿ ತುಳಿಯೋ ಗಿಟಾರಾ? ಅದು ನಮ್ಮ ಚರ್ಚಿನ ಆರೋಗ್ಯಂ ಅಂಕಲ್ ಅಲ್ವಾ? ಇಲ್ಲೇ, ನಮ್ಮ ಆಫೀಸಿನ ಹಿಂದೆ, ವೇಪೇರಿಯಲ್ಲಿ."

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?"

"ನೀವು ದೊಡ್ಡ ಕಲಾವಿದರು ಅಂತ ಹೇಳ್ತಿದ್ರಿ. ಅವರು ನೀರಿನ ಮೋಟಾರಿಗೆ ಜಗಳ ಆಡೋ ಅಂಕಲ್."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ! ವರ್ಷಪೂರ್ತಿ ಕಚೇರಿಯ ನನ್ನ ಕಿಟಕಿಯಿಂದ ಕಾಣುತ್ತಿದ್ದ ಹಸಿರು ಬಾಗಿಲಿನ ಮನೆಯೇ ಅವರದು.

ಶನಿವಾರ ಮಧ್ಯಾಹ್ನ ಹಣ್ಣು, ಹೂವು, ಮೈಸೂರುಪಾಕಿನ ಡಬ್ಬಿ, ಗಿಟಾರು ಎಲ್ಲ ಹೊತ್ತು, ಶ್ರೀಕಂಠನನ್ನೂ ಹೊರಡಿಸಿಕೊಂಡು ಹೋದೆ. ಬಾಗಿಲು ತೆಗೆದವರು ಬನಿಯನ್ನು ಲುಂಗಿಯ ಕುಳ್ಳು ಮುದುಕರು. ನಮ್ಮನ್ನು ನೋಡಿದ ಕೂಡಲೇ, "ಮೋಟಾರ್ ವಿಷಯ ಆದರೆ ನಾನೇನೂ ಮಾತಾಡಲ್ಲ," ಎಂದರು. ಅವರು ಆಡಿದ್ದು ತಮಿಳು, ನನಗೆ ತಿಳಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಬಗ್ಗಿ ಕಾಲು ಮುಟ್ಟಿದೆ. ಅವರು ಗಾಬರಿಯಿಂದ ಹಿಂದೆ ಸರಿದು ಒಳಗೆ ನೋಡಿ, "ರೋಸಮ್ಮಾ, ಯಾರೋ ಬಂದು ಕಾಲಿಗೆ ಬೀಳ್ತಿದಾರೆ!" ಎಂದು ಹೆಂಡತಿಯನ್ನು ಕೂಗಿದರು.

ರೋಸಮ್ಮ ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಬಂದರು. ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ಸುತ್ತ ನೋಡಿದೆ. ವಾದ್ಯ ಎಲ್ಲೂ ಕಾಣಲಿಲ್ಲ. ಕೇಳಿಯೇ ಬಿಟ್ಟೆ. ಮಾಸ್ಟರು ಗದ್ದ ಎತ್ತಿ ಮೂಲೆಯ ಕಡೆ ತೋರಿಸಿದರು. ಅಲ್ಲೊಂದು ಉದ್ದನೆಯ ಮೇಜು, ಮೇಲೆ ಕಂಬಳಿ, ಕಂಬಳಿಯ ಮೇಲೆ ಇಸ್ತ್ರಿಯಾದ ಅಂಗಿಗಳ ರಾಶಿ. ಕೆಳಗೆ ನಾಲ್ಕು ಕಾಲುಗಳ ನಡುವೆ ಹೊಲಿಗೆ ಯಂತ್ರದಿಂದ ಕಿತ್ತ ಕಬ್ಬಿಣದ ತುಳಿಮಣೆಗಳು. ಇಪ್ಪತ್ತು ವರ್ಷ ನಾನು ಪೂಜಿಸಿದ ಗಿಟಾರಿನ ಮೇಲೆ ಈಕೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು! ನನಗೆ ಆದ ಸಂಕಟವನ್ನು ಶ್ರೀಕಂಠ ಕಂಡು ಮಜ್ಜಿಗೆ ಲೋಟದ ಹಿಂದೆ ಮುಖ ಮುಚ್ಚಿಕೊಂಡ.

"ಫಾರಿನ್ ಪುಸ್ತಕದಲ್ಲಿ ಚಿತ್ರ ನೋಡಿ ನಾನೇ ಮಾಡಿದ್ದು," ಎಂದರು ಮಾಸ್ಟರು, ಸ್ವಲ್ಪ ಜಂಬದಿಂದಲೇ. "ಪೆಡಲ್ ತುಳಿದರೆ ಸೈಕಲ್ ಬ್ರೇಕಿನ ತಂತಿ ಎಳೆಯುತ್ತದೆ, ಗಿಟಾರ್ ತಂತಿ ಬಿಗಿಯಾಗಿ ಸ್ವರ ಮೇಲೇರುತ್ತದೆ. ಮದ್ರಾಸಿನಲ್ಲಿ ಇನ್ನೊಬ್ಬನ ಹತ್ತಿರ ಇರಲಿಲ್ಲ. ಸರಿ, ನಿನಗೇನು ಬೇಕು?"

"ನಾನು ನುಡಿಸುತ್ತೇನೆ, ನೀವು ಕೇಳಬೇಕು," ಎಂದೆ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ಉಕ್ಕಿನ ತುಂಡನ್ನು ಸೆರಗಿಗೆ ಒರೆಸಿಕೊಂಡೆ. ಅವತ್ತು ಹೊಸ ತಂತಿ, ಅವತ್ತು ದೇವರು ನನ್ನ ಕಡೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ, ಮೇಲಿನ ಸ್ವರ ಮುಟ್ಟಿದೆ, ಜಾರಿದೆ, ಎದ್ದು ನಿಂತೆ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಅದು ಬಂದಿರಲಿಲ್ಲ. ತಲೆಯೆತ್ತಿ ನೋಡಿದೆ.

ಮಾಸ್ಟರರ ಮುಖ ಹಾಗಲಕಾಯಿ ಕಚ್ಚಿದವರದಾಗಿತ್ತು. "ಆ ತಪ್ಪನ್ನು ಯಾಕಮ್ಮಾ ಕಲಿತೆ?" ಎಂದರು.

ತಪ್ಪು ಎಂಬುದಕ್ಕೆ ತಮಿಳಿನಲ್ಲೂ ತಪ್ಪು ಎಂದೇ ಅನ್ನುತ್ತಾರೆ. ನನಗೆ ಅರ್ಥವಾಗಲಿಲ್ಲ ಎಂದುಕೊಳ್ಳುವ ಅವಕಾಶವೂ ಇರಲಿಲ್ಲ.

ಆಮೇಲೆ ಅವರು ಹೇಳಿದ್ದು ಇಷ್ಟು. ಆ ಕಾಲದಲ್ಲಿ ಧ್ವನಿಮುದ್ರಣವೆಂದರೆ ಹಾಡುವವರು, ವಾದ್ಯದವರು ಎಲ್ಲರೂ ಒಟ್ಟಿಗೆ ಕೂತು ಒಂದೇ ಉಸಿರಿಗೆ ಮುಗಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಬೆಳಗಿನ ಪಾಳಿ ಒಂದು ಗಂಟೆಗೆ ಮುಗಿಯಬೇಕು, ಆಮೇಲೆ ಸ್ಟುಡಿಯೋ ಇನ್ನೊಬ್ಬರದು. ಅವತ್ತು ಅಷ್ಟು ಹೊತ್ತಿಗೆ ಬಹಳ ಸಲ ಆಗಿತ್ತು, ಹಾಡುವವರಿಗೆ ವಿಮಾನಕ್ಕೆ ಹೊತ್ತಾಗಿತ್ತು. ಕೊನೆಯ ಸಲ ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಇವರ ಸರದಿ. ಮೇಲಿನ ಸ್ವರಕ್ಕೆ ಪೆಡಲು ತುಳಿದಿದ್ದಾರೆ, ಬ್ರೇಕಿನ ತಂತಿ ಫಟ್ಟೆಂದು ಹರಿದಿದೆ. ಸ್ವರ ಕೆಳಗೆ ಬಿದ್ದಿದೆ. ದಿಕ್ಕು ತೋಚದೆ ಕೈಯಲ್ಲಿದ್ದ ಉಕ್ಕಿನ ತುಂಡನ್ನು ತಳ್ಳಿ ತಡಕಾಡಿ ಹೇಗೋ ಸ್ವರಕ್ಕೆ ತಂದು ಮುಗಿಸಿದ್ದಾರೆ. ಗಾಜಿನ ಆಚೆಯಿಂದ ಸಂಗೀತ ನಿರ್ದೇಶಕರು ಗಡಿಯಾರ ನೋಡಿ "ಓಕೆ" ಎಂದಿದ್ದಾರೆ. ಓಕೆ ಎಂದ ಮೇಲೆ ಯಾವ ವಾದ್ಯದವನೂ ಬಾಯಿ ಬಿಡಬಾರದು. ಅದು ಅವರಲ್ಲಿನ ರೂಢಿ.

"ಇನ್ನೊಂದು ಸಲ ತೆಗೆಯೋಣ ಅಂತ ಕೇಳಿಕೊಳ್ಳೋಕೆ ಹೋದೆ. ಊಟಕ್ಕೆ ಹೊರಟುಹೋಗಿದ್ದರು. ಆ ಹಾಡು ಯಾವ ಅಂಗಡಿಯಲ್ಲಿ ಬಂದರೂ ನಾನು ರಸ್ತೆ ದಾಟಿ ಆ ಕಡೆ ಹೋಗ್ತೀನಿ. ಅದಾದ ಮೇಲೆ ನನ್ನನ್ನು ಕರೆಯೋದೇ ಕಡಿಮೆ ಆಯ್ತು."

"ಕೀಬೋರ್ಡ್ ಬಂತು, ಅದಕ್ಕೆ ಕರೀಲಿಲ್ಲ," ಎಂದರು ರೋಸಮ್ಮ ಅಂಗಿ ಮಡಚುತ್ತಾ. "ಇಷ್ಟು ವರ್ಷದಿಂದ ಹೇಳ್ತಿದೀನಿ. ಕೇಳಿಸ್ಕೋಬೇಕಲ್ಲ."

ನನ್ನ ಸ್ಥಿತಿ ನೋಡಿ. ನಾನು ವರ್ಷಗಟ್ಟಲೆ ಬೆರಳು ಸವೆಸಿ ಕಲಿತದ್ದು ಒಂದು ಸೈಕಲ್ ಬ್ರೇಕ್ ಹರಿದದ್ದನ್ನು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಸ್ಟರು ಮಾತ್ರ ಎದ್ದು, ಅಂಗಿಗಳ ರಾಶಿಯನ್ನು ಹೆಂಡತಿಯ ತೋಳಿಗೆ ಹಾಕಿ, ಕಂಬಳಿ ಸರಿಸಿ, ಕೂತು, ತುಕ್ಕು ತಂತಿಗಳನ್ನು ಶ್ರುತಿ ಮಾಡಿದರು. "ಇದು ಬರೆದುಕೊಟ್ಟಿದ್ದ ಸ್ವರ, ಕೇಳು," ಎಂದು ನುಡಿಸಿದರು. ಹತ್ತಿತು, ಮುಟ್ಟಿತು, ನಿಂತಿತು. ಒಂದು ಕೂದಲೆಳೆ ಆಚೀಚೆ ಇಲ್ಲ.

ನನಗೆ ಅದು ಇಷ್ಟವಾಗಲಿಲ್ಲ. ಬಾಯಿ ಸುಮ್ಮನಿರಲಿಲ್ಲ. "ಮಾಸ್ಟರ್, ತಪ್ಪೇ ಚೆನ್ನಾಗಿದೆ," ಎಂದುಬಿಟ್ಟೆ.

ಅವರ ಕಿವಿ ಕೆಂಪಾಯಿತು. "ನನ್ನ ಮನೆಗೆ ಬಂದು ನನ್ನ ತಪ್ಪನ್ನ ಹೊಗಳ್ತೀಯಾ? ಕಲಿಯೋದಾದರೆ ಸರಿಯಾದ್ದನ್ನ ಕಲಿ. ಶನಿವಾರ ಬಾ. ಇಲ್ಲದಿದ್ದರೆ ಬರಲೇಬೇಡ."

ಹೀಗೆ ನನ್ನ ಶನಿವಾರಗಳು ಶುರುವಾದವು. ವರ್ಷಗಳೇ ನಡೆದವು. ಅವರು ಸರಿಯಾದ್ದನ್ನು ನುಡಿಸು ಎನ್ನುವರು, ನುಡಿಸುತ್ತಿದ್ದೆ. ಮನೆಗೆ ಬಂದು ಕದ ಹಾಕಿಕೊಂಡು ತಪ್ಪನ್ನು ನುಡಿಸುತ್ತಿದ್ದೆ. ಅವರಿಗೆ ಹೇಗೋ ಗೊತ್ತಾಗುತ್ತಿತ್ತು. "ಕೈಯಲ್ಲಿ ಆ ವಾಸನೆ ಇನ್ನೂ ಹೋಗಿಲ್ಲ" ಎಂದು ಗದರುವರು. ಹೊಗಳಿಕೆ ಒಂದು ದಿನವೂ ಇಲ್ಲ. ಪೆಡಲಿನ ವಾದ್ಯವನ್ನು ಮುಟ್ಟಲು ಬಿಡಲಿಲ್ಲ. ಮೈಸೂರಿನಲ್ಲಿ ಗುರುಗಳು ಶಿಷ್ಯರಿಗೆ ಕಾಫಿ ಕೊಟ್ಟು ಮಾತಾಡಿಸುತ್ತಿದ್ದರು, ಇಲ್ಲಿ ರೋಸಮ್ಮ ಕೊಟ್ಟ ಕಾಫಿಯನ್ನೂ "ಪಾಠ ಆದಮೇಲೆ" ಎಂದು ತಡೆಯುವರು. ಪ್ರತಿ ಶನಿವಾರ ಇನ್ನು ಬರುವುದಿಲ್ಲ ಎಂದುಕೊಂಡು ಮನೆಗೆ ಬರುತ್ತಿದ್ದೆ. ಶ್ರೀಕಂಠ ಶುಕ್ರವಾರವೇ ಹೊಸ ತಂತಿ ತಂದಿಟ್ಟಿರುತ್ತಿದ್ದ.

ಅಷ್ಟರಲ್ಲಿ ರೈಲ್ವೆಯಲ್ಲಿ ಹುಬ್ಬಳ್ಳಿಗೆ ಬೇರೆ ವಲಯವಾಯಿತು, ಮೈಸೂರು ಅದಕ್ಕೆ ಸೇರಿತು. ಕೇಳಿಕೊಂಡವರು ಊರ ಕಡೆ ಹೋಗಬಹುದು ಎಂದರು. ಕಚೇರಿಯ ಕನ್ನಡದವರೆಲ್ಲ ನನ್ನ ಹೆಸರೇ ಮೊದಲು ಎಂದು ತೀರ್ಮಾನಿಸಿಬಿಟ್ಟರು. ಈ ಊರನ್ನು ನನ್ನಷ್ಟು ಬೈದವರು ಇನ್ನೊಬ್ಬರಿರಲಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಹೊರಡುವ ಮುಂಚೆ ಒಂದೇ ಒಂದು ಆಸೆ ಉಳಿದಿತ್ತು, ಅದು ನಿಮಗೆ ಗೊತ್ತೇ ಇದೆ.

ನವೆಂಬರಿನಲ್ಲಿ, ಇಲ್ಲಿ ಹುಯ್ಯುವ, ನಮ್ಮೂರಿನವರಿಗೆ ಅಕಾಲವೆನಿಸುವ ಮಳೆಯಲ್ಲಿ, ರೈಲ್ವೆ, ಬ್ಯಾಂಕು, ವಿಮೆಯ ಕನ್ನಡದವರು ಸೇರಿ ಕಟ್ಟಿಕೊಂಡ ನಮ್ಮ ಪುಟ್ಟ ಕೂಟದ ರಾಜ್ಯೋತ್ಸವ. ನನ್ನದು ಗಿಟಾರು. ಮಾಸ್ಟರನ್ನೂ ರೋಸಮ್ಮನನ್ನೂ ಆಟೋದಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ವೇದಿಕೆಗೆ ಹೋದ ಮೇಲೆ ನೋಡುತ್ತೇನೆ, ಎಲ್ಲರೂ ಆ ಹಾಡಿಗೇ ಕಾದಿದ್ದಾರೆ. ಹಾಡಿನ ಜತೆಗೇ ಬೆಳೆದವರು ಅವರು. ಅವರಿಗೆ ಬೇಕಾದದ್ದು ತಪ್ಪು, ಮುಂದೆ ಕೂತವರಿಗೆ ಬೇಕಾದದ್ದು ಸರಿ. ಅತ್ತ ದರಿ, ಇತ್ತ ಪುಲಿ.

ಮಾಸ್ಟರರ ಮುಖ ನೋಡಿದೆ. ಅವರು ಹೇಳಿಕೊಟ್ಟ ಹಾಗೆಯೇ ನುಡಿಸಿದೆ. ಹತ್ತಿದೆ, ಮುಟ್ಟಿದೆ, ನಿಂತೆ. ಸಭೆಯಲ್ಲಿ ಗುಜುಗುಜು. ಹಿಂದಿನಿಂದ ಯಾರೋ, "ಅಯ್ಯೋ, ಅಲ್ಲಿ ಜಾರ್ಬೇಕಿತ್ತು ಕಣ್ರೀ, ತಪ್ಪೋಯ್ತು," ಎಂದರು. ಹಾಡು ಮುಗಿಯುತ್ತಿದ್ದಂತೆ ಕಾರ್ಯದರ್ಶಿಗಳು ಮೈಕು ಹಿಡಿದರು. ಮೂವತ್ತು ವರ್ಷದಿಂದ ಇಲ್ಲಿರುವವರು ಅವರು, ಕನ್ನಡದ ಜತೆ ತಮಿಳು ತಾನಾಗಿ ಬರುತ್ತದೆ. "ಮೇಡಂಗೆ ಕೊಂಚ ಟೆನ್ಷನ್ ಆಯ್ತು, ಪರವಾಗಿಲ್ಲ. ಇನ್ನೊಂದು ತಡವೆ ನುಡಿಸ್ತಾರೆ. ಎಲ್ಲಾರೂ ಕೈ ತಟ್ಟಿ!" ತಡವೆ ಎಂದರೆ ಸಲ. ಜೀವನದಲ್ಲಿ ಮೊದಲ ಬಾರಿಗೆ ಸರಿಯಾಗಿ ನುಡಿಸಿ ತಪ್ಪಿತಸ್ಥಳಾಗಿ ಕೂತಿದ್ದೆ.

ಮಾಸ್ಟರು ಕೂತಲ್ಲೇ ಹಿಂದಕ್ಕೆ ತಿರುಗಿದ್ದರು. ಕೈ ತಟ್ಟುತ್ತಿದ್ದ ಸಭೆಯನ್ನು ಸಾಲುಸಾಲಾಗಿ ನೋಡುತ್ತಿದ್ದರು. ಅವರಿಗೆ ಕನ್ನಡ ಎಷ್ಟು ತಿಳಿಯಿತೋ ಕಾಣೆ. ರೋಸಮ್ಮ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಮುಂದಕ್ಕೆ ತಿರುಗಿ, ನನ್ನ ಕಡೆ ಕೈಯಾಡಿಸಿ, ಸ್ಟುಡಿಯೋದಲ್ಲಿ ಕಲಿತ ನಾಲ್ಕು ಕನ್ನಡದ ಮಾತುಗಳಲ್ಲಿ ಒಂದನ್ನು ಜೋರಾಗಿ ಹೇಳಿದರು: "ಶುರು ಮಾಡಿ!"

ಜಾರಿದೆ. ಸಭೆಯೆಲ್ಲ ಒಟ್ಟಿಗೆ "ಹಾ" ಎಂದಿತು. ಹಿಂದಿನ ಸಾಲಿನಲ್ಲಿ ಬ್ಯಾಂಕಿನವರು ಕೆಲವರು ಕಣ್ಣೊರೆಸಿಕೊಂಡದ್ದು ನನಗೆ ಕಾಣಿಸಿತು. ಮಾಸ್ಟರು ಚಪ್ಪಾಳೆ ತಟ್ಟಲಿಲ್ಲ.

ಹೊರಗೆ ಮಳೆಯಲ್ಲಿ ಆಟೋಗೆ ಕಾಯುತ್ತಾ ನಿಂತಾಗ ತಡೆಯಲಾರದೆ ಕೇಳಿಯೇಬಿಟ್ಟೆ: "ಮಾಸ್ಟರ್, ಅದು ಬಂತಾ?"

"ಇಲ್ಲ," ಎಂದರು.

"ಇನ್ನೇನು ಬೇಕು ನಿಮಗೆ?" ನನ್ನ ದನಿ ಏರಿತು. "ಅಷ್ಟು ಜನ ಅತ್ತರಲ್ಲ!"

"ಅವರು ಅತ್ತರು. ಆದರೆ ನೀನು ಬೀಳೋ ಜಾಗಕ್ಕೆ ಮೊದಲೇ ಹಾಸಿಗೆ ಹಾಸಿಟ್ಟು ಬೀಳ್ತೀಯ. ತಂತಿ ಹರಿಯುತ್ತೆ ಅಂತ ನನಗೆ ಗೊತ್ತಿರಲಿಲ್ಲಮ್ಮಾ. ನಾನು ನಿಜವಾಗಿ ಬಿದ್ದೆ." ಛತ್ರಿಯನ್ನು ಹೆಂಡತಿಯ ತಲೆಯ ಮೇಲಕ್ಕೆ ಸರಿಸಿದರು. "ಶನಿವಾರ ನಿನ್ನ ಆ ಗಿಟಾರ್ ಹಲಗೆ ತರಬೇಡ. ಬಂದು ನನ್ನದರ ಮುಂದೆ ಕೂತ್ಕೋ. ಪೆಡಲ್ ತುಳಿದು ಸರಿಯಾಗಿ ಹತ್ತೋದನ್ನ ಕಲಿ. ಬೀಳೋದು ನಿನ್ನ ಕೈಯಲ್ಲಿಲ್ಲ."

"ಮತ್ತೆ ನನ್ನ ಇಸ್ತ್ರಿ?" ಎಂದರು ರೋಸಮ್ಮ.

ಸೋಮವಾರ ಕಚೇರಿಯಲ್ಲಿ ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಬರೆದುಕೊಟ್ಟೆ. ಶ್ರೀಕಂಠ ಸಂಜೆ ಅದನ್ನು ಕೇಳಿ ಎರ್ರಾಬಿರ್ರಿ ರೇಗಿದ. "ಇಷ್ಟ್ ವರ್ಷ ಬೈಕೊಂಡ್ ಬೈಕೊಂಡ್ ನಮ್ ತಲೆ ತಿಂದಿದ್ಯಾಕೆ ಹಾಗಾದ್ರೆ?" ಈ ಊರು ಇಷ್ಟವಾಯಿತೆಂದು ಉಳಿದವಳಲ್ಲ ನಾನು, ಇವತ್ತಿಗೂ ಬೈಯುತ್ತಲೇ ಇದ್ದೇನೆ. ಶನಿವಾರ ವೇಪೇರಿಗೆ ಹೋಗಿ ತುಳಿಮಣೆಯ ಮೇಲೆ ಕಾಲಿಟ್ಟು ಕೂರುತ್ತೇನೆ, ಮಾಸ್ಟರು ಗದರುತ್ತಾರೆ, ರೋಸಮ್ಮ ಮಂಚದ ಮೇಲೆ ಬಟ್ಟೆ ಹರಡಿಕೊಂಡು ನನ್ನನ್ನು ಶಪಿಸುತ್ತಾರೆ.

ಹೋದ ಬೇಸಿಗೆಯಲ್ಲಿ ಮೈಸೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ರೇಡಿಯೋದಲ್ಲಿ ಆ ಹಾಡು ಬಂತು. "ಬಾರೇ ವಿಜಿ, ನಿನ್ ಹಾಡು!" ಎಂದು ಅಕ್ಕ ಸದ್ದು ಹೆಚ್ಚಿಸಿದಳು. ಮನೆಯವರೆಲ್ಲ ಆ ಜಾಗಕ್ಕಾಗಿ ಮಾತು ನಿಲ್ಲಿಸಿದರು. ಗಿಟಾರು ಹತ್ತತೊಡಗಿದಂತೆ ನನಗರಿವಿಲ್ಲದೆ ನನ್ನ ಕಾಲು ಅಕ್ಕನ ಮನೆಯ ಕೆಂಪು ನೆಲವನ್ನು ಒತ್ತಿ ಹಿಡಿದಿತ್ತು. ಹರಿಯಬೇಡ, ಈ ಒಂದು ಸಲ ಹರಿಯಬೇಡ ಎಂದು ಹಲ್ಲು ಕಚ್ಚಿ ಕೂತಿದ್ದೆ. ಹರಿಯಿತು. ಮನೆಯೆಲ್ಲ ಆಹಾ ಎಂದಿತು. ನಾನೂ ಎಂದೆ, ಕಾಲು ಮಾತ್ರ ಎತ್ತಲಿಲ್ಲ.